ಅರವತ್ತು ರೂಪಾಯಿಯದ್ದೋ, ಮೂರು ಸಾವಿರದ್ದೋ: ಮದುವೆಗೆ ಮುಂಚೆ ಹತ್ತು ಬೆರಳಿನ ಪರೀಕ್ಷೆ

ಚಿಕ್ಕಮ್ಮನ ಮಗಳ ಮದುವೆ ಮಾಘದಲ್ಲಿ, ಮಂಡ್ಯದಲ್ಲಿ. ಪಾರ್ಲರ್‌ನವರು ಹೇಳಿದ ರೇಟು ಕೇಳಿ ಚಿಕ್ಕಮ್ಮ ನನಗೆ ಫೋನು ಮಾಡಿದರು. ನಾನೇನೂ ಪಾರ್ಲರ್ ಇಟ್ಟವಳಲ್ಲ. ನೆಂಟರ ಮನೆ ಮದುವೆಗಳಲ್ಲಿ ಸೀರೆ ಉಡಿಸಿ, ಜಡೆ ಹಾಕಿ, ಮುಖಕ್ಕಿಷ್ಟು ಹಚ್ಚಿ ಮಂಟಪಕ್ಕೆ ಕಳಿಸೋದು ರೂಢಿ, ಅಷ್ಟೇ. ಹುಡುಗಿಗೆ ಎಲ್ಲ ವಿದೇಶಿ ಬ್ರ್ಯಾಂಡೇ ಆಗಬೇಕು. ಚಿಕ್ಕಮ್ಮನ ವಾದ ಬೇರೆ: "ಅಲ್ಲ ಕಣವ್ವ, ಉಗುರಿಗ್ ಬಳ್ಕಳಕ್ಕೆ ಮೂರ್ ಸಾವ್ರವಾ? ಪೇಟೆ ಬೀದಿಲಿ ಐವತ್ತ್ ರೂಪಾಯ್ಗೆ ಸಿಕ್ತದೆ!" ಇದು ಮಾತಲ್ಲಿ ಬಗೆಹರಿಯೋ ಜಗಳ ಅಲ್ಲ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿ ದಾಟೋವರೆಗೆ ಮೈಸೂರಿನ ನಮ್ಮ ಮನೆಯಲ್ಲೇ ಅಗ್ಗದ, ದುಬಾರಿ ನೇಲ್ ಪಾಲಿಶ್‌ಗಳನ್ನು ಹಚ್ಚಿ, ಕೆರೆದು, ತೂಗಿ ನೋಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೀನಿ.

ಕಂಪನಿ ಹೆಸರು ಹಾಕಿಲ್ಲ, ಬೆಲೆಯಿಂದಲೇ ಕರೀತೀನಿ. ಒಂದೇ ಕಂಪನಿಯ ಮೆರೂನ್ ನುಣ್ಣಗೆ ಕೂತರೆ ಅದೇ ಕಂಪನಿಯ ತಿಳಿಗುಲಾಬಿ ಗೆರೆಗೆರೆ ಬರುತ್ತೆ. ನನ್ನ ಒಂದು ಬಾಟಲಿ ನೋಡಿ ಇಡೀ ಬ್ರ್ಯಾಂಡಿಗೆ ಅಂಕ ಕೊಟ್ಟರೆ ಅನ್ಯಾಯ. ಅದೂ ಅಲ್ಲದೆ ಅಗ್ಗದ ಬ್ರ್ಯಾಂಡು, ದುಬಾರಿ ಬ್ರ್ಯಾಂಡು ಅಂತ ನಾವು ಬೇರೆ ಬೇರೆ ಕಪಾಟಿನಲ್ಲಿಟ್ಟು ನೋಡೋದು ಎಷ್ಟೋ ಸಲ ಒಂದೇ ಮನೆಯ ಮಕ್ಕಳು. ಎಲ್ಲೆ 18, ಲ್ಯಾಕ್ಮೆ ಎರಡೂ ಹಿಂದೂಸ್ತಾನ್ ಯೂನಿಲಿವರ್‌ನವರದು. ಮೇಬಲೀನ್, ಲಾಂಕೋಮ್ ಎರಡೂ ಲೊರಿಯಾಲ್‌ನವರದು.

ಸಾಮಾನು

ಐದು ಬಾಟಲಿ, ಎಲ್ಲವೂ ಮೆರೂನ್, ಯಾವುದರಲ್ಲೂ ಮಿನುಗಿಲ್ಲ.

ಅರವತ್ತರದ್ದು: 6 ಮಿಲಿ, ದೇವರಾಜ ಮಾರುಕಟ್ಟೆ ಪಕ್ಕದ ಬಳೆ ಅಂಗಡಿಯಲ್ಲಿ.
ಇನ್ನೂರರದ್ದು: 9 ಮಿಲಿ, ಅದೇ ಅಂಗಡಿ.
ಐನೂರರದ್ದು: 10 ಮಿಲಿ, ದೇವರಾಜ ಅರಸು ರಸ್ತೆಯಲ್ಲಿ.
ಸಾವಿರದ್ದು: 15 ಮಿಲಿ, ಸಲೂನ್‌ಗಳಲ್ಲಿ ಬಳಸೋ ಥರದ್ದು.
ಮೂರು ಸಾವಿರದ್ದು: 13 ಮಿಲಿ. ಇದು ನನ್ನದಲ್ಲ. ನಾದಿನಿ ವಿಮಾನ ನಿಲ್ದಾಣದಲ್ಲಿ ಕೊಂಡು ತಂದಿದ್ದು, ಗೋಗರೆದು ಇಸ್ಕೊಂಡೆ.

ಬಾಟಲಿ ಬೆಲೆ ನೋಡಿ ಮೋಸ ಹೋಗಬೇಡಿ, ಮಿಲಿ ಲೆಕ್ಕ ಹಾಕಿ. ಒಂದು ಮಿಲಿಗೆ ಅರವತ್ತರದ್ದು 10 ರೂಪಾಯಿ, ಇನ್ನೂರರದ್ದು 22, ಐನೂರರದ್ದು 50, ಸಾವಿರದ್ದು 67, ಕೊನೆಯದು ಸುಮಾರು 230. ಐನೂರಕ್ಕೂ ಸಾವಿರಕ್ಕೂ ಅಂಗಡಿಯಲ್ಲಿ ಕಾಣೋವಷ್ಟು ದೂರ ಇಲ್ಲ.

ಇದಲ್ಲದೆ ಬಣ್ಣದ ಕೆಳಗೆ ಹಚ್ಚೋ ಬೇಸ್ ಕೋಟ್ 350 ರೂಪಾಯಿ, ಬಣ್ಣದ ಮೇಲೆ ಹಚ್ಚೋ, ಬೇಗ ಒಣಗೋ ಟಾಪ್ ಕೋಟ್ 450, ಅಸಿಟೋನ್ ಇರೋ ರಿಮೂವರ್ 90, ಹತ್ತಿ, ಟೂತ್‌ಪಿಕ್, ಉಗುರು ಉಜ್ಜೋ ಫೈಲು, ಮೊಬೈಲಿನ ಟೈಮರ್.

ರಸ್ತೆ ಬದಿಯ ಗಾಡಿಯಲ್ಲಿ ಒಂದು ಭಾರೀ ಹೆಸರಿನ ಬಾಟಲಿ 150 ರೂಪಾಯಿಗೇ ಸಿಗ್ತಿತ್ತು. ತಿರುಗಿಸಿ ನೋಡಿದರೆ ಎಂಆರ್‌ಪಿ ಇಲ್ಲ, ಬ್ಯಾಚ್ ನಂಬರ್ ಇಲ್ಲ. ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು, ಅದೂ ಇಲ್ಲ. ಅಲ್ಲೇ ಇಟ್ಟು ಬಂದೆ.

ಹಂತ 1: ಉಗುರು

ಪಾರ್ಲರ್‌ಗಳಲ್ಲಿ ಮೊದಲು ಬಿಸಿನೀರಲ್ಲಿ ಕೈ ನೆನೆಸ್ತಾರೆ. ಬಣ್ಣ ಹಚ್ಚೋದಿದ್ದರೆ ಬೇಡ. ಉಗುರು ನೀರು ಕುಡಿದು ಸ್ವಲ್ಪ ಉಬ್ಬುತ್ತೆ, ಒಣಗಿದಾಗ ಮತ್ತೆ ಕುಗ್ಗುತ್ತೆ, ಮೇಲಿನ ಬಣ್ಣ ಬಿರುಕು ಬಿಡುತ್ತೆ. ಒಣ ಉಗುರನ್ನೇ ಒಂದೇ ದಿಕ್ಕಿಗೆ ಉಜ್ಜಿ, ರಿಮೂವರ್ ಅದ್ದಿದ ಹತ್ತಿಯಿಂದ ಒರೆಸಬೇಕು, ಹಳೇ ಬಣ್ಣ ಇಲ್ಲದಿದ್ದರೂ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚೋ ಮನೆಯಲ್ಲಿ ಇದನ್ನು ಬಿಟ್ಟರೆ ಯಾವ ಬಾಟಲಿಯೂ ನಿಲ್ಲಲ್ಲ.

ಒಂದು ಎಚ್ಚರಿಕೆ. ಬಾಟಲಿ, ರಿಮೂವರ್ ಎರಡೂ ಥಟ್ಟನೆ ಹೊತ್ತಿಕೊಳ್ಳೋ ಸರಕು. ಅಡುಗೆಮನೆ ಕಟ್ಟೆ ಮೇಲೆ ಕೂತು ಹಚ್ಚಬೇಡಿ. ನಾನು ಜಗಲಿಯಲ್ಲಿ ಕೂತೆ.

ಹಂತ 2: ಮೊದಲ ಸುತ್ತು, ದಂಡ

ಎಡಗೈಗೆ ಅಗ್ಗದವು, ಬಲಗೈಗೆ ದುಬಾರಿಯವು ಹಚ್ಚಿದೆ. ಮೂರನೇ ದಿನಕ್ಕೆ ಬಲಗೈ ಉಗುರೆಲ್ಲ ತುದಿ ಬಿಟ್ಟಿತ್ತು, ಎಡಗೈ ಹಾಗೇ ಇತ್ತು. ಅಗ್ಗದ್ದೇ ಗೆದ್ದಿತು ಅಂತ ಚಿಕ್ಕಮ್ಮನಿಗೆ ಫೋನೂ ಮಾಡಿಬಿಟ್ಟೆ. ಆಮೇಲೆ ಹೊಳೀತು: ಪಾತ್ರೆ ಉಜ್ಜೋ ಕೈ ಬಲಗೈ, ಹಿಟ್ಟು ನಾದೋ ಕೈ ಬಲಗೈ, ಬೀಗ ತೆಗೆಯೋದೂ ಅದೇ. ಪರೀಕ್ಷೆ ಆಗಿದ್ದು ಬಾಟಲಿಗಳಿಗಲ್ಲ, ಕೈಗಳಿಗೆ. ಚಿಕ್ಕಮ್ಮ ಆ ಫೋನನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಅಳಿಸಿ ಮತ್ತೆ ಹಚ್ಚಿದೆ. ಐದು ಬಾಟಲಿ, ಹತ್ತು ಬೆರಳು, ಒಂದೊಂದು ಬಾಟಲಿಗೆ ಪ್ರತಿ ಕೈಯಲ್ಲಿ ಒಂದೊಂದು ಬೆರಳು. ಬಲಗೈ ಹೆಬ್ಬೆರಳಿಗೆ ಅರವತ್ತರದ್ದಾದರೆ ಎಡಗೈಯಲ್ಲಿ ಅದು ಉಂಗುರದ ಬೆರಳಿಗೆ. ಮುಂದಿನ ಸುತ್ತಿಗೆ ಒಂದೊಂದು ಬೆರಳು ಪಕ್ಕಕ್ಕೆ ಸರಿಸಿದೆ. ಯಾವುದು ಎಲ್ಲಿ ಅಂತ ಕ್ಯಾಲೆಂಡರಿನ ಹಿಂದೆ ಕೈ ಇಟ್ಟು ಗೆರೆ ಎಳೆದು ಬರೆದಿಟ್ಟೆ.

ಹಂತ 3: ಬ್ರಶ್ಶು

ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಮೊದಲು ಕಾಣೋದು ಇಲ್ಲಿ. ಅರವತ್ತರದ್ದರ ಬ್ರಶ್ಶು ದುಂಡಗೆ, ಸಣ್ಣಗೆ. ನಡುವೆ ಎರಡು ಕೂದಲು ಉದ್ದ, ಒಂದು ಪಕ್ಕಕ್ಕೆ ತಿರುಗಿತ್ತು. ಹೆಬ್ಬೆರಳು ಮುಚ್ಚೋಕೆ ಆರೇಳು ಎಳೆತ ಬೇಕಾಯ್ತು. ಅಷ್ಟರಲ್ಲಿ ಮೊದಲ ಎಳೆತ ಅರೆ ಒಣಗಿ, ಮೇಲೆ ಮತ್ತೆ ಎಳೆದರೆ ಬಣ್ಣ ಕಿತ್ತು ಗುಪ್ಪೆ ಆಗ್ತಿತ್ತು. ಪಕ್ಕದ ಕೂದಲು ಚರ್ಮದ ಮೇಲೆ ಗೀಟು ಹಾಕ್ತಿತ್ತು. ಸಾವಿರದ್ದರಲ್ಲಿ ಬ್ರಶ್ಶು ಚಪ್ಪಟೆ, ಅಗಲ, ತುದಿ ಬಿಲ್ಲಿನ ಹಾಗೆ ಕತ್ತರಿಸಿದ್ದು. ನಡುವೆ ಒಂದು, ಎಡಕ್ಕೆ ಒಂದು, ಬಲಕ್ಕೆ ಒಂದು, ಮುಗೀತು. ಬುಡದ ಚರ್ಮದಿಂದ ಕೂದಲೆಳೆಯಷ್ಟು ಅಂತರ ತಾನಾಗೇ ಬಿಡುತ್ತೆ. ಮೂರು ಸಾವಿರದ್ದರದು ಇದಕ್ಕಿಂತ ಸಣ್ಣ ಬ್ರಶ್ಶು, ಕೈ ಪಳಗಿದವರಿಗೆ ಸರಿ. ನನಗೆ ಸಾವಿರದ್ದೇ ಇಷ್ಟವಾಯ್ತು.

ಉಪಾಯ: ಅರವತ್ತರದ್ದರ ಬ್ರಶ್ಶಿನ ಉದ್ದ ಕೂದಲು, ತಿರುಗಿದ ಕೂದಲು ಎರಡನ್ನೂ ಚೂಪು ಕತ್ತರಿಯಲ್ಲಿ ಕತ್ತರಿಸಿದೆ. ಗೀಟು ನಿಂತಿತು. ಖರ್ಚು ಸೊನ್ನೆ.

ಬಣ್ಣ ಮುಚ್ಚೋದರಲ್ಲೂ ವ್ಯತ್ಯಾಸ ಉಂಟು. ಅರವತ್ತರದ್ದಕ್ಕೆ ಮೂರು ಕೋಟ್ ಬೇಕು, ಇನ್ನೂರರದ್ದಕ್ಕೆ ಎರಡೂವರೆ (ಬೆಳಕಿಗೆ ಹಿಡಿದರೆ ಎರಡು ಸಾಲದು, ಮದುವೆ ಮನೆಯಲ್ಲಿ ಸಾಕು), ಉಳಿದ ಮೂರಕ್ಕೂ ಎರಡು. ದಪ್ಪಗೆ ಒಂದೇ ಕೋಟ್ ಬಳಿದು ಮುಗಿಸೋ ಆಸೆ ಬೇಡ. ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತೆ, ರಾತ್ರಿ ಮಲಗಿದಾಗ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಅಚ್ಚಾಗುತ್ತೆ. ಬಾಟಲಿಯನ್ನು ಗಡಗಡ ಅಲುಗಾಡಿಸೋದೂ ಬೇಡ, ಗುಳ್ಳೆ ಬರುತ್ತೆ. ಅಂಗೈಗಳ ನಡುವೆ ಇಟ್ಟು ಉರುಳಿಸಿ.

ಹಂತ 4: ತೂಕ

ಒಂದು ಸಲ ಹಚ್ಚೋಕೆ ನಿಜವಾಗಿ ಎಷ್ಟು ಖರ್ಚು? ಅಶೋಕ ರಸ್ತೆಯಲ್ಲಿ ಪರಿಚಯದ ಅಕ್ಕಸಾಲಿಗರ ಅಂಗಡಿ ಇದೆ. ಅವರ ತಕ್ಕಡಿ ಗ್ರಾಮಿನ ನೂರರಲ್ಲೊಂದು ಪಾಲು ತೋರಿಸುತ್ತೆ. ಬಾಟಲಿ ತೂಗಿಸಿ, ಅಲ್ಲೇ ಕೂತು ಹತ್ತೂ ಉಗುರಿಗೆ ಹಚ್ಚಿ, ಮತ್ತೆ ತೂಗಿಸಿದೆ. "ಏನಮ್ಮ, ಒಳಗೆ ಚಿನ್ನದ ನೀರೇನಾದ್ರೂ ಇದ್ಯಾ?" ಅಂದರು. ಮೂರು ಸಾವಿರದ್ದರ ಲೆಕ್ಕ ಹೇಳಿದ ಮೇಲೆ ನಗು ನಿಲ್ತು.

ಅರವತ್ತರದ್ದು ಮೂರು ಕೋಟ್‌ಗೆ 0.44 ಗ್ರಾಂ. ಸಾವಿರದ್ದು ಎರಡು ಕೋಟ್‌ಗೆ 0.33. ಮೂರು ಸಾವಿರದ್ದು 0.31. ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿ ಅಂತಿಟ್ಟುಕೊಂಡರೆ ಒಂದು ಸಲಕ್ಕೆ ನಾಲ್ಕೂವರೆ ರೂಪಾಯಿ, 22 ರೂಪಾಯಿ, 71 ರೂಪಾಯಿ. ಮೂರು ಸಾವಿರದ ಬಾಟಲಿ ನಲವತ್ತು ಸಲಕ್ಕೆ ಬರುತ್ತೆ ಅನ್ನಬಹುದು. ಆದರೆ ಒಂದೇ ಮೆರೂನನ್ನು ನಲವತ್ತು ಸಲ ಹಚ್ಚೋರು ಯಾರು? ಅರ್ಧಕ್ಕೆ ಬರೋ ಹೊತ್ತಿಗೆ ಅದು ಗಟ್ಟಿಯಾಗಿರುತ್ತೆ.

ಹಂತ 5: ಅವರೆಕಾಯಿ

ಪಾಲಿಶ್ ಪೆಟ್ಟಿಗೆ ಮೇಲೆ ಎಷ್ಟೋ ದಿನ ಬಾಳಿಕೆ ಅಂತ ಬರೆದಿರುತ್ತೆ. ಬರೆದವರು ಅವರೆಕಾಯಿ ಬಿಡಿಸಿಲ್ಲ.

ಸಂಕ್ರಾಂತಿ ಸೀಸನ್ನು, ಮನೆ ತುಂಬ ಸೊಗಡವರೆ. ಕಾಯಿ ಬಿಡಿಸುವಾಗ ಹೆಬ್ಬೆರಳ ಉಗುರು ಸಿಪ್ಪೆಯ ಅಂಚಿಗೆ ತೂರಬೇಕು. ಸೊಗಡಿನ ಅಂಟು ಉಗುರಿನಡಿ ಕೂರುತ್ತೆ, ಅದನ್ನು ತೆಗೆಯೋಕೆ ಸೋಪು, ನಾರು. ಮಾರನೇ ದಿನ ರಾತ್ರಿಯೆಲ್ಲ ನೆನೆದ ಕಾಳನ್ನು ಹಿತಕೋದು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತೆ, ಕೈ ಗಂಟೆಗಟ್ಟಲೆ ಒದ್ದೆ. ಇದರ ಜೊತೆಗೆ ಮುದ್ದೆ ಕಟ್ಟೋ ಬಿಸಿ, ಪಾತ್ರೆ, ಎಳ್ಳು ಬೀರೋಕೆ ಕೊಬ್ಬರಿ ಹೆಚ್ಚೋದು. ಬೇಸ್ ಕೋಟೂ ಇಲ್ಲ, ಟಾಪ್ ಕೋಟೂ ಇಲ್ಲ, ಬರೀ ಬಣ್ಣ.

ಅರವತ್ತರದ್ದು ಎರಡನೇ ದಿನ ಸಂಜೆಗೆ ತುದಿ ಬಿಟ್ಟು, ಮೂರನೇ ದಿನ ಹೆಬ್ಬೆರಳಿಂದ ಇಡೀ ಹಾಳೆಯಾಗಿ ಎದ್ದು ಬಂತು. ಬೇಳೆ ಪಾತ್ರೆಯಲ್ಲಿ ಮೆರೂನ್ ಚೂರು ಸಿಕ್ಕಿದಾಗ ಅತ್ತೆ ಮುಖ ನೋಡೋ ಹಾಗಿತ್ತು. ಇನ್ನೂರರದ್ದು ಮೂರನೇ ದಿನ ತುದಿ ಸವೆಯಿತು, ಆದರೆ ಏಳಲಿಲ್ಲ. ಐನೂರರದ್ದು, ಸಾವಿರದ್ದು ಎರಡೂ ನಾಲ್ಕನೇ ದಿನದವರೆಗೆ ಚೆನ್ನಾಗಿದ್ದವು. ನಾದಿನಿಯ ಮೂರು ಸಾವಿರದ್ದು? ಮೂರನೇ ದಿನ ಬೆಳಗ್ಗೆ ತೋರುಬೆರಳ ಮೂಲೆ ಹೋಯ್ತು. ಬೆರಳು ಬದಲಿಸಿ ಮತ್ತೆ ನೋಡಿದೆ, ಮತ್ತೆ ಮೂರನೇ ದಿನ. ಹೊಳಪು ಮಾತ್ರ ಐದರಲ್ಲೂ ಅದರದ್ದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಕೈ ತೊಳೆದು ಬಿಸಿಲಿಗೆ ಹಿಡಿದರೆ ಗಾಜು ಹೊದಿಸಿದ ಹಾಗೆ ಕಾಣುತ್ತೆ. ಪಾತ್ರೆ ತೊಳೆಯದ ಕೈಗೆ ಮಾಡಿದ ಬಣ್ಣ ಅದು.

ಹಂತ 6: ಮೇಲೊಂದು, ಕೆಳಗೊಂದು

ಈ ಸುತ್ತಿನಲ್ಲಿ ಎಲ್ಲ ಬೆರಳಿಗೂ ಅದೇ ಬೇಸ್ ಕೋಟ್, ಅದೇ ಟಾಪ್ ಕೋಟ್, ನಡುವಿನ ಬಣ್ಣ ಮಾತ್ರ ಬೇರೆ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಟೈಮರ್. ಟಾಪ್ ಕೋಟ್ ಎಳೆದ ಮೇಲೆ ಬ್ರಶ್ಶಿನ ತುದಿಯನ್ನು ಉಗುರಿನ ಅಂಚಿನ ದಪ್ಪಕ್ಕೂ ಒಮ್ಮೆ ಸವರಬೇಕು. ಬಣ್ಣ ಏಳೋದು ಹೆಚ್ಚಾಗಿ ಆ ಅಂಚಿಂದಲೇ.

ಅವರೆಕಾಯಿ, ಪಾತ್ರೆ ಎಲ್ಲ ಮೊದಲಿನ ಹಾಗೇ. ಅರವತ್ತರದ್ದು ಐದನೇ ದಿನದವರೆಗೆ ನಿಂತಿತು. ಉಳಿದ ನಾಲ್ಕೂ ಆರನೇ ದಿನ ಸಂಜೆ ಒಂದೇ ಸ್ಥಿತಿಯಲ್ಲಿದ್ದವು: ತುದಿ ಸ್ವಲ್ಪ ಸವೆದಿದೆ, ಎಲ್ಲೂ ಎದ್ದಿಲ್ಲ. ಯಾವ ಬೆರಳಿಗೆ ಯಾವುದು ಅಂತ ಹೇಳದೆ ನಾದಿನಿಗೆ ಕೈ ತೋರಿಸಿ "ನಿನ್ನದು ಯಾವುದು ಹೇಳು" ಅಂದೆ. ಇನ್ನೂರರದ್ದನ್ನು ತೋರಿಸಿದಳು. ಆಮೇಲೆ ಅರ್ಧ ದಿನ ಮಾತಾಡಲಿಲ್ಲ.

ನನ್ನ ತೀರ್ಮಾನ ಅಲ್ಲಿಗೆ ಗಟ್ಟಿಯಾಯ್ತು. ಉಗುರಿಗೆ ದುಡ್ಡು ಹಾಕೋದಾದರೆ ಬಣ್ಣಕ್ಕಲ್ಲ, ಟಾಪ್ ಕೋಟಿಗೆ ಹಾಕಿ. ಬಣ್ಣ ವರ್ಷಕ್ಕೊಂದು ಬದಲಾಗುತ್ತೆ, ಟಾಪ್ ಕೋಟ್ ಎಲ್ಲ ಬಣ್ಣಕ್ಕೂ ಆಗುತ್ತೆ.

ಹಂತ 7: ಗಟ್ಟಿಯಾದ ಬಾಟಲಿ

ಮನೆಯಲ್ಲಿ ಹಳೆಯ ಕೆಂಪು ಬಾಟಲಿಯೊಂದು ಜೇನಿನಷ್ಟು ಗಟ್ಟಿಯಾಗಿ ಬಿದ್ದಿತ್ತು. ನಾಲ್ಕು ಹನಿ ರಿಮೂವರ್ ಹಾಕಿದರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳೋದೇ. ಹಾಕಿದೆ. ಆ ಹೊತ್ತಿಗೆ ತೆಳುವಾಯ್ತು. ಮಾರನೇ ದಿನ ಹಚ್ಚಿದರೆ ಹೊಳಪಿಲ್ಲ, ಒಣಗಿದ ಮೇಲೆ ಉಗುರಿನಿಂದ ಪುಡಿಪುಡಿ. ಬಾಟಲಿ ಕಸಕ್ಕೆ. ಇದಕ್ಕೆಂದೇ ನೇಲ್ ಪಾಲಿಶ್ ಥಿನ್ನರ್ ಸಿಗುತ್ತೆ. ಬಣ್ಣದಲ್ಲಿ ಮೊದಲೇ ಇರೋ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟನ್ನೇ ಅದು ಮತ್ತೆ ತುಂಬುತ್ತೆ. ಇನ್ನೊಂದು ಗಟ್ಟಿ ಬಾಟಲಿಗೆ ಎರಡು ಹನಿ ಹಾಕಿ ಉರುಳಿಸಿದೆ, ಬದುಕಿತು. ಗಟ್ಟಿಯಾಗದ ಹಾಗೆ ನೋಡಿಕೊಳ್ಳೋದು ಇನ್ನೂ ಸುಲಭ: ಮುಚ್ಚೋ ಮುಂಚೆ ಕತ್ತನ್ನು ರಿಮೂವರ್ ಹತ್ತಿಯಿಂದ ಒರೆಸಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿ.

ಅಳಿಸೋ ವಿಷಯ ಚುಟುಕಾಗಿ: ಬೇಸ್ ಕೋಟ್ ಇಲ್ಲದ ಬೆರಳುಗಳಲ್ಲಿ ಮೆರೂನ್ ತೆಗೆದ ಮೇಲೂ ಹಳದಿ ಕಲೆ ಉಳಿಯಿತು, ಅರವತ್ತರದ್ದರಲ್ಲೂ ಉಳಿಯಿತು, ಮೂರು ಸಾವಿರದ್ದರಲ್ಲೂ ಉಳಿಯಿತು. ನಾನು ಬಾಳಿಕೆ, ಬಾಳಿಕೆ ಅಂತ ಗೊಣಗೋದು ಕೇಳಿ ಮನೆಯವರು, "ಬನ್ನಿಮಂಟಪದ ಫ್ಯಾಕ್ಟರಿಗೆ ಹೋಗು, ಓಟಿನ ಶಾಯಿ ಹಚ್ತಾರೆ, ಉಗುರು ಬೆಳೆಯೋವರ್ಗೂ ಹೋಗಲ್ಲ" ಅಂದರು. ತಮಾಷೆಯಾದರೂ ಮಾತು ಸುಳ್ಳಲ್ಲ. 1937ರಲ್ಲಿ ಶುರುವಾದ ನಮ್ಮ ಮೈಸೂರು ಪೇಂಟ್ಸ್ ಕಾರ್ಖಾನೆ 1962ರ ಚುನಾವಣೆಯಿಂದ ಆ ಶಾಯಿ ಮಾಡ್ತಿದೆ. ಅದರ ಸಿಲ್ವರ್ ನೈಟ್ರೇಟ್ ಬಿಸಿಲು ತಾಕಿ ಕಪ್ಪಾಗಿ ಚರ್ಮಕ್ಕೂ ಉಗುರಿಗೂ ಕಚ್ಚಿಕೊಳ್ಳುತ್ತೆ, ಅಸಿಟೋನಿಗೆ ಜಗ್ಗಲ್ಲ. ನೇಲ್ ಪಾಲಿಶ್ ಉಗುರಿನ ಮೇಲೆ ಹಾಳೆಯಾಗಿ ಕೂರೋದು ಮಾತ್ರ.

ಹಂತ 8: ಮುಖ

ಇದಕ್ಕೆ ಹುಡುಗಿಯೇ ಮೈಸೂರಿಗೆ ಬಂದಳು. ಹಿಂದಿನ ದಿನವೇ ಕಿವಿ ಹಿಂದೆ ಎಲ್ಲವನ್ನೂ ಚೂರು ಚೂರು ಹಚ್ಚಿಕೊಂಡು ನೋಡು ಅಂತ ಸ್ಯಾಂಪಲ್ ಕಳಿಸಿದ್ದೆ. ಕಡಿತ, ಉರಿ ಏನೂ ಆಗಲಿಲ್ಲ.

ಫೌಂಡೇಶನ್ನಿನಲ್ಲಿ (ಮೈಬಣ್ಣಕ್ಕೆ ಹೊಂದಿಸಿ ಮುಖಕ್ಕೆಲ್ಲ ಬಳಿಯೋದು) ಉಗುರಿನ ಲೆಕ್ಕ ತಲೆಕೆಳಗಾಯ್ತು. 300 ರೂಪಾಯಿ ಟ್ಯೂಬಿನಲ್ಲಿ ಮೂರೇ ಶೇಡ್. ಹತ್ತಿರದ್ದನ್ನು ದವಡೆ ಅಂಚಿಗೆ ಹಚ್ಚಿ ಬಾಗಿಲಿಗೆ ಕರೆತಂದರೆ ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ. ಒಂದು ಗಂಟೆ ಬಿಟ್ಟರೆ ಇನ್ನೂ ಕಪ್ಪಿಟ್ಟಿತು. ನಾದಿನಿಯ 4,200 ರೂಪಾಯಿಯದ್ದು ಎಲ್ಲಿ ಹಚ್ಚಿದೀನಿ ಅಂತ ನನಗೇ ಹುಡುಕೋ ಹಾಗಾಯ್ತು. ಆದರೆ ಅಷ್ಟು ಕೊಡಬೇಕಾಗಿಲ್ಲ. ಅರಸು ರಸ್ತೆಯಲ್ಲಿ 850ಕ್ಕೆ ಹದಿನೈದಕ್ಕೂ ಹೆಚ್ಚು ಶೇಡ್ ಇರೋದು ಸಿಕ್ಕಿತು, ಮೂರು ಶೇಡ್ ದವಡೆಗೆ ಗೆರೆ ಎಳೆದು, ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ನೋಡಿ ಆರಿಸಿದೆವು. ಅಂಗಡಿ ದೀಪದಲ್ಲಿ ಆರಿಸಿದ್ದರೆ ಒಂದು ಶೇಡ್ ಬೆಳ್ಳಗಿನದು ತರ್ತಿದ್ದೆವು. ಅಂಗಡಿಯ ಹುಡುಗಿ ಅದನ್ನೇ ಒತ್ತಾಯಿಸ್ತಿದ್ದಳು.

ಪೌಡರ್: ದುಬಾರಿಯದ್ದು ಕಣ್ಣಿಗೆ ಚೆನ್ನಾಗಿತ್ತು. ಮೊಬೈಲ್ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಕಣ್ಣ ಕೆಳಗೆ, ಮೂಗಿನ ಮೇಲೆ ಬಿಳಿ ಪಟ್ಟೆ. ಸಿಲಿಕಾ ಪೌಡರ್‌ಗಳು ಫ್ಲ್ಯಾಶಿಗೆ ಹೀಗೆ ಮಾಡ್ತವೆ. ಮದುವೆಯಲ್ಲಿ ಫ್ಲ್ಯಾಶೇ ಜಾಸ್ತಿ, ಆದ್ದರಿಂದ 300ರ ಸಾದಾ ಕಾಂಪ್ಯಾಕ್ಟ್.

ಕಾಡಿಗೆ: ಈರುಳ್ಳಿ ಹೆಚ್ಚಿಸಿದೆ. 180ರದ್ದೂ 1,500ರದ್ದೂ ಒಂದೇ ರೀತಿ ನಿಂತವು.

ಲಿಪ್‌ಸ್ಟಿಕ್: 250ರದ್ದು ಬಲಕ್ಕೆ, 2,400ರದ್ದು ಎಡಕ್ಕೆ. ಸ್ಟೀಲ್ ಲೋಟದ ಕಾಫಿಗೆ ಎರಡೂ ಜಗ್ಗಲಿಲ್ಲ. ಆದರೆ ಬೀಗರೂಟ ಇದೆಯಲ್ಲ. ಮಟನ್ ಸಾರು, ಮುದ್ದೆ, ಒಂದು ನಲ್ಲಿ ಮೂಳೆ ಕೊಟ್ಟು ಕೂರಿಸಿದೆ. ಎಣ್ಣೆ ಜಿಡ್ಡು ಬಿದ್ದ ಕೂಡಲೇ ಎರಡೂ ನಡುವಿಂದ ಕರಗಿದವು. ಹುಡುಗಿ ಕನ್ನಡಿ ನೋಡಿ, "ಅಕ್ಕಾ, ಎಲ್ಡೂ ಹೊಂಟೋಯ್ತು, ಸುಮ್ನೆ ಅಗ್ಗದ್ದೇ ತಗೊಂಡ್ ಊಟ ಆದ್ಮೇಲ್ ಮತ್ತೆ ಹಚ್ಕತೀನಿ" ಅಂದಳು. ಆ ಮಾತು ಅವಳ ಬಾಯಿಂದಲೇ ಬಂತು, ನಾನು ಹೇಳಿಸಿದ್ದಲ್ಲ.

ಕೊಂಡದ್ದು, ಮುಂದಿನ ಕೆಲಸ

ಇನ್ನೂರರ ಮೆರೂನ್ 200, ಬೇಸ್ 350, ಟಾಪ್ 450, ಫೌಂಡೇಶನ್ 850, ಕಾಂಪ್ಯಾಕ್ಟ್ 300, ಕಾಡಿಗೆ 180, ಲಿಪ್‌ಸ್ಟಿಕ್ 250. ಒಟ್ಟು 2,580 ರೂಪಾಯಿ. ಚಿಕ್ಕಮ್ಮನಿಗೆ ಬಿಲ್ಲು ಕಳಿಸಿದೆ. "ಆ ಮೇಲೆ ಬಳ್ಯೋ ನೀರಿಗೆ ನಾನೂರೈವತ್ತಾ?" ಅಂತ ಉತ್ತರ ಬಂತು.

ಇನ್ನು ಹಚ್ಚೋ ಸರದಿ. ಅರಿಶಿನ ಶಾಸ್ತ್ರದ ಮುಂಚೆ ಹಚ್ಚಬಾರದು ಅಂತ ಗೊತ್ತಾಗಿದ್ದು ಒಂದು ಬೆರಳಿಗೆ ತಿಳಿಗುಲಾಬಿ ಹಚ್ಚಿ ಅರಿಶಿನದ ನೀರಲ್ಲಿ ಅದ್ದಿದಾಗ. ಹತ್ತು ನಿಮಿಷಕ್ಕೆ ಹಳದಿ, ತೊಳೆದರೆ ಹೋಗಲ್ಲ. ಮೆರೂನಿನಲ್ಲಿ ಕಾಣಲ್ಲವಾದರೂ ಶಾಸ್ತ್ರದ ಎಣ್ಣೆ ಉಗುರಿಗೆ ಇಳಿದಿರುತ್ತೆ. ಹಾಗಾಗಿ ಮೊದಲು ಮೆಹಂದಿ, ಆಮೇಲೆ ಅರಿಶಿನ, ಬಳೆ ತೊಡಿಸೋದು ಮುಗಿದ ಮೇಲೆ ರಾತ್ರಿ ಊಟ, ಊಟ ಆದ ಮೇಲೆ ರಿಮೂವರಿನಿಂದ ಉಗುರು ಒರೆಸಿ ಬೇಸ್, ಎರಡು ಕೋಟ್, ಟಾಪ್. ಮಲಗೋಕೆ ಕಡಿಮೆ ಅಂದರೂ ಎರಡು ಗಂಟೆ ಮುಂಚೆ ಮುಗಿಸಬೇಕು. ಕಾಲುಂಗುರ ತೊಡಿಸುವಾಗ ಕಾಲಿನ ಎರಡನೇ ಬೆರಳಿಗೆ ಗೀಚು ಬೀಳುತ್ತೆ. ಅದಕ್ಕೆಂದೇ ಮೆರೂನ್, ಟಾಪ್ ಎರಡೂ ಬಾಟಲಿ ನನ್ನ ಪರ್ಸಿನಲ್ಲಿ ಮಂಟಪದವರೆಗೂ ಬರ್ತವೆ.